ಮೇಷ್ಟ್ರ ಕೆಮ್ಮು, ಅತ್ತೆಯ ಗರಿ

ನಮ್ಮತ್ತೆಯಂಥ ಪುಕ್ಕಲು ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮಪ್ಪನ ಅಕ್ಕ ಅವಳು. ಈಗ ಅರವತ್ತೆರಡು ವರ್ಷ, ನನ್ನ ಜೊತೆಯೇ ಇದ್ದಾಳೆ. ಇಲಿ ಬಂತು ಅಂದರೆ ಹುಲಿ ಬಂತು ಅನ್ನುವ ಸ್ವಭಾವ. ಮನೆಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡದೆ ಅವಳು ಒಂದು ದಿನವೂ ಕೆಲಸಕ್ಕೆ ಹೋದದ್ದಿಲ್ಲ. ಒಲೆ ಆರಿಸಿದ್ದೇನಾ ಎಂದು ನನ್ನ ಕಚೇರಿಗೆ ಫೋನು ಮಾಡಿ ನನ್ನನ್ನು ಕೇಳುತ್ತಾಳೆ, ಅದೂ ಒಲೆಯ ಮುಂದೆ ನಿಂತುಕೊಂಡು.

ಇಂಥವಳು ಮೂವತ್ತೊಂದು ವರ್ಷ ಆಸಿಡ್ ಹಿಡಿದುಕೊಂಡು ಬದುಕಿದಳು ಅಂದರೆ ಯಾರೂ ನಂಬುವುದಿಲ್ಲ. ನಂಬದವರಿಗೆ ಅವಳ ಕೈ ತೋರಿಸುತ್ತೇನೆ. ಬೆರಳ ತುದಿಗಳೆಲ್ಲ ಹಳದಿ, ಯಾವ ಸೋಪಿಗೂ ಜಗ್ಗದ ಹಳದಿ. ಅವಳ ಬಟ್ಟೆಗಳಲ್ಲಿ ಸಾಸಿವೆ ಕಾಳಿನಷ್ಟು ತೂತುಗಳು. "ಇಷ್ಟು ಹೆದರೋಳು ಈ ಕೆಲಸಕ್ಕೆ ಯಾಕಾದ್ರೂ ಹೋದೆ?" ಎಂದು ನಾನು ರೇಗಿಸಿದರೆ ಅವಳದು ಒಂದೇ ಉತ್ತರ. "ಹೆದರಿಕೆ ಇರೋತನಕ ತಗಡು ಇರುತ್ತೆ ಕಣೇ. ಹೆದರಿಕೆ ಹೋದ ದಿನ ತಗಡೂ ಹೋಗುತ್ತೆ."

ತಗಡು ಅಂದರೆ ತಾಮ್ರದ ತಗಡು. ಅವಳ ಕೆಲಸ ಅದರಿಂದ ಚಿತ್ರ ಅಚ್ಚು ಹಾಕುವುದು. ಕೇಳಿದವರಿಗೆ "ಆಸಿಡ್ಡಿಗೆ ತಾಮ್ರ ತಿನ್ನಿಸ್ತೀನಿ" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಕೇಳಿದವರು ಇನ್ನಷ್ಟು ದೂರ ಸರಿದು ಕೂರುತ್ತಿದ್ದರು. ನನಗೆ ಅದು ಅರ್ಥವಾಗಲು ವರ್ಷಗಳೇ ಬೇಕಾದವು, ಅರ್ಥವಾದಷ್ಟನ್ನು ಹೇಳುತ್ತೇನೆ.

ಮುಖ ಕಾಣುವಷ್ಟು ಉಜ್ಜಿದ ತಾಮ್ರದ ತಗಡನ್ನು ಸ್ವಲ್ಪ ಬಿಸಿ ಮಾಡಿ, ಮೇಲೆ ಮೇಣವನ್ನು ತೆಳುವಾಗಿ ಹರಡುತ್ತಾರೆ. ಆಮೇಲೆ ತಲೆಕೆಳಗು ಹಿಡಿದು ಮೊಂಬತ್ತಿಯ ಹೊಗೆ ಕುಡಿಸಿ ಮೇಣವನ್ನು ಕಪ್ಪು ಮಾಡುತ್ತಾರೆ. ಚಿತ್ರಗಾರ ಅದರ ಮೇಲೆ ಸೂಜಿಯಿಂದ ಬರೆಯುತ್ತಾನೆ. ಅವನು ತಾಮ್ರವನ್ನು ಕೊರೆಯುವುದಿಲ್ಲ, ಮೇಣವನ್ನಷ್ಟೇ ಗೀಚಿ ತೆಗೆಯುತ್ತಾನೆ. ಕಪ್ಪಿನ ನಡುವೆ ತಾಮ್ರ ಕೆಂಪಗೆ ಹೊಳೆಯುತ್ತದೆ. ತಗಡಿನ ಬೆನ್ನಿಗೂ ಅಂಚಿಗೂ ವಾರ್ನಿಷ್ ಬಳಿದು ಆಸಿಡ್ಡಿನ ಟ್ರೇಯಲ್ಲಿ ಮಲಗಿಸಿದರೆ, ಮೇಣ ಇರುವಲ್ಲಿ ಆಸಿಡ್ಡಿನ ಆಟ ನಡೆಯುವುದಿಲ್ಲ. ಗೆರೆ ಇರುವಲ್ಲಿ ಮಾತ್ರ ಅದು ತಾಮ್ರವನ್ನು ತಿನ್ನುತ್ತದೆ. ಹೆಚ್ಚು ಹೊತ್ತು ತಿಂದರೆ ಗೆರೆ ಆಳ, ಆಳವಾದರೆ ಹೆಚ್ಚು ಶಾಯಿ, ಶಾಯಿ ಹೆಚ್ಚಾದರೆ ಕಾಗದದ ಮೇಲೆ ಕಡುಕಪ್ಪು. ಅಂದರೆ ಈ ಕಸುಬಿನಲ್ಲಿ ಕಪ್ಪು ಬಿಳುಪು ಬರುವುದು ಕೈಯ ಒತ್ತಡದಿಂದಲ್ಲ, ಹೊತ್ತಿನಿಂದ. ತೆಳುವಾಗಿ ಉಳಿಯಬೇಕಾದ ಗೆರೆಗಳನ್ನು ಆಸಿಡ್ ಸಾಕಷ್ಟು ತಿಂದಿತೆಂದು ಕಂಡ ಕೂಡಲೇ ತಗಡು ಮೇಲೆತ್ತಿ, ತೊಳೆದು, ಆ ಗೆರೆಗಳನ್ನು ವಾರ್ನಿಷ್‌ನಿಂದ ಮುಚ್ಚಿ, ಮತ್ತೆ ಟ್ರೇಗೆ ಇಳಿಸುತ್ತಾರೆ. ಉಳಿದವನ್ನು ಅದು ಇನ್ನಷ್ಟು ತಿನ್ನುತ್ತದೆ. ಹೀಗೆ ಎರಡು ಸಲ, ಮೂರು ಸಲ.

"ಸಾಕಷ್ಟು" ಎಂದರೆ ಎಷ್ಟು? ಅಲ್ಲೇ ಇರುವುದು ಪೀಕಲಾಟ. ಗಡಿಯಾರ ನೋಡಿ ಹೇಳೋಣವೆಂದರೆ ಆಸಿಡ್ಡಿಗೆ ದಿನಕ್ಕೊಂದು ಬುದ್ಧಿ. ಸೆಕೆಯಲ್ಲಿ ಅವಸರ, ಚಳಿಯಲ್ಲಿ ಸೋಮಾರಿತನ. ಹೊಸದಾದರೆ ಬಕಾಸುರ, ಹಳೆಯದಾದರೆ ಹಲ್ಲಿಲ್ಲದ ಮುದುಕ. ಗೆರೆಗಳ ಮೇಲೆ ಏಳುವ ಗುಳ್ಳೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಗುಳ್ಳೆ ಗೆರೆಗೆ ಅಂಟಿ ಕೂತರೆ ಗೆರೆ ಹರಕಾಗುತ್ತದೆ, ಹಾಗಾಗಿ ಬಾತುಕೋಳಿಯ ಒಂದು ಗರಿಯಿಂದ ಅವನ್ನು ಮೆಲ್ಲಗೆ ಸವರುತ್ತಲೇ ಇರಬೇಕು. ಆ ಗರಿ ಹಿಡಿಯುವುದೇ ಅತ್ತೆಯ ಕೆಲಸವಾಗಿತ್ತು. ಒಂದು ನಿಮಿಷ ಹೆಚ್ಚಾದರೆ ಚಿತ್ರ ಕೆಟ್ಟಿತು. ಆಮೇಲೆ ಉಕ್ಕಿನ ಕಡ್ಡಿ ಹಿಡಿದು ವಾರಗಟ್ಟಲೆ ಉಜ್ಜಿದರೆ ಗೆರೆ ಒಂದಿಷ್ಟು ತಗ್ಗಬಹುದು, ತಗ್ಗದೆಯೂ ಇರಬಹುದು.

ಚಿತ್ರ ಬರೆಯುತ್ತಿದ್ದವರು ಮೇಷ್ಟ್ರು. ಎಂದೋ ಎರಡು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದ್ದಕ್ಕೆ ಆ ಹೆಸರು ಅಂಟಿಕೊಂಡಿತ್ತು. ಕೆಳಗಡೆ ಅಚ್ಚುಮನೆ, ಹದಿನೈದು ಮೆಟ್ಟಿಲು ಹತ್ತಿದರೆ ಮೇಲೆ ಅವರ ಮನೆ. ಮನೆಯಲ್ಲಿ ಅವರು ಮತ್ತು ಮೇಷ್ಟ್ರಮ್ಮ ಇಬ್ಬರೇ. ಸೂಜಿ ಮೇಷ್ಟ್ರದ್ದು, ಮಿಕ್ಕಿದ್ದೆಲ್ಲ ಅತ್ತೆಯದು. ಮೇಣ, ಆಸಿಡ್ಡು, ಶಾಯಿ, ಪ್ರೆಸ್ಸು ಎಲ್ಲ.

ಸೇರಿದ ಮೊದಲ ವರ್ಷದಲ್ಲೇ ಅತ್ತೆ ಒಂದು ತಗಡು ಕೆಡಿಸಿದ್ದಳಂತೆ. ಕೆಡಿಸಿ, ಒಂದು ವಾರ ಕೆಲಸಕ್ಕೆ ಹೋಗದೆ ಮನೆಯಲ್ಲಿ ಮುಸುಕು ಹಾಕಿ ಮಲಗಿಬಿಟ್ಟಳು. ಮೇಷ್ಟ್ರೇ ಹುಡುಕಿಕೊಂಡು ಬಂದರು. "ಇನ್ಮೇಲೆ ಯಾವಾಗ ಸಾಕು ಅಂತ ನಾನು ಹೇಳ್ತೀನಿ. ನಾನು ಕೆಮ್ಮಿದ ತಕ್ಷಣ ನೀವು ತಗಡು ಎತ್ತಿ. ತಪ್ಪಾದ್ರೆ ಅದು ನಂದು" ಎಂದರು. ಅಲ್ಲಿಂದ ಮೂವತ್ತು ವರ್ಷ ಅದೇ ನಡೆಯಿತು. ಟ್ರೇಯ ಈಚೆ ಅತ್ತೆ ನಿಂತು ಗರಿ ಆಡಿಸುವುದು, ಆಚೆ ಮೇಷ್ಟ್ರು ಮೂಗಿಗೆ ಕರ್ಚೀಪು ಹಿಡಿದು ಸ್ಟೂಲಿನ ಮೇಲೆ ಕೂರುವುದು. ಮಾತಿಲ್ಲ. ಹೊತ್ತು ಬಂದಾಗ ಒಂದೇ ಒಂದು ಒಣ ಕೆಮ್ಮು. ಅತ್ತೆ ತಗಡು ಎತ್ತಿ ನೀರಿಗೆ ಹಾಕುವಳು. ಮತ್ತೆ ಒಂದು ತಗಡೂ ಕೆಡಲಿಲ್ಲ.

"ಏನು ಕಣ್ಣು ಮಾರಾಯ್ತಿ ಅವರದ್ದು! ನಾನು ಇನ್ನೇನು ಸಾಕೇನೋ ಅಂದ್ಕೊಳ್ಳೋಷ್ಟರಲ್ಲಿ ಅವರಿಗೆ ಗೊತ್ತಾಗಿರುತ್ತೆ" ಎಂದು ಅತ್ತೆ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಕೇಳಿ ಕೇಳಿ ನನಗೆ ಆ ಮೇಷ್ಟ್ರ ಮೇಲೆ ಸಣ್ಣಗೆ ಕೋಪವೇ ಬಂದಿತ್ತು. ಆಸಿಡ್ಡಿನ ಹೊಗೆ ಕುಡಿಯುವವಳು ಇವಳು, ಹೆಸರು ಅವರದ್ದು.

ಹೋದ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರು ಟೀ ಲೋಟ ಹಿಡಿಯಲು ಹೋಗಿ ಲೋಟದ ಪಕ್ಕದ ಗಾಳಿಯನ್ನು ಹಿಡಿದರು. ಪಾರ್ಶ್ವವಾಯು. ಬಲಗೈ ಬಿದ್ದುಹೋಯಿತು, ಮಾತು ಹೋಯಿತು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುವಷ್ಟಾದರು. ಆದರೆ ಏನು ಕೇಳಿದರೂ ತಲೆಯಾಡಿಸುತ್ತಿದ್ದರು, ಕೋಲೆ ಬಸವನ ಹಾಗೆ. ಊಟ ಬೇಕಾ? ಹೂಂ. ಬೇಡ್ವಾ? ಹೂಂ. ಅವರು ಒಳಗಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಡಾಕ್ಟರೂ "ನೋಡೋಣ" ಎಂದರಷ್ಟೆ. ಒಂದು ದಿನ ನಾನು ಅಲ್ಲೇ ಇದ್ದಾಗ ಮೇಷ್ಟ್ರಮ್ಮ ಗಂಡನ ಮುಂದೆ ಬಗ್ಗಿ ಕೇಳಿದರು.

"ರೀ, ನಾನು ಯಾರು ಅಂತ ಗೊತ್ತಾ?"

ಮೇಷ್ಟ್ರು ತಲೆಯಾಡಿಸಿದರು.

"ನಾನು ನಿಮ್ಮ ತಾಯಿ ಅಲ್ವಾ?"

ಅದಕ್ಕೂ ಆಡಿಸಿದರು. ಮೇಷ್ಟ್ರಮ್ಮ ನಮ್ಮ ಮುಂದೆ ನಕ್ಕು, ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ನಲ್ಲಿಯ ಸದ್ದಿಗೆ ಅಳು ಮುಚ್ಚುವುದಿಲ್ಲ.

ಕೆಳಗೆ ಅಚ್ಚುಮನೆಯ ಗೂಡಿನಲ್ಲಿ ಒಂದು ತಗಡಿತ್ತು. ಮೇಷ್ಟ್ರು ಆ ಬೆಳಗಿನ ಹಿಂದಿನ ದಿನವಷ್ಟೇ ಬರೆದು ಮುಗಿಸಿದ್ದು. ಮಹಡಿಯ ಮೇಲೆ ಮೇಷ್ಟ್ರಮ್ಮ ಬಟ್ಟೆ ಒಣಹಾಕುತ್ತಿರುವ ಚಿತ್ರ. ಎರಡು ದೊಡ್ಡ ಹೊದಿಕೆ, ತಂತಿ, ಬಾಯಲ್ಲಿ ಕ್ಲಿಪ್ ಕಚ್ಚಿಕೊಂಡ ಮೇಷ್ಟ್ರಮ್ಮ, ಹಿಂದೆ ಮಹಡಿಯ ಗಿಡ್ಡ ಗೋಡೆ, ಅದರ ಮೇಲೆ ಇಡೀ ಆಕಾಶ. ಕಾಗದದ ಮೇಲೆ ಎಡ ಬಲ ಅದಲುಬದಲಾಗುವುದರಿಂದ ತಗಡಿನಲ್ಲಿ ಆಕೆ ಎಡಚಿ. ಆ ಚಿತ್ರ ಇದ್ದದ್ದು ಮೇಣದ ಪದರದ ಮೇಲಿನ ಗೀಚಾಗಿ ಮಾತ್ರ. ಬೇರೆ ಎಲ್ಲೂ ಇಲ್ಲ, ಕಾಗದದಲ್ಲಿ ಒಂದು ಕರಡೂ ಇಲ್ಲ.

ಮೇಣಕ್ಕೆ ಆಯಸ್ಸು ಕಡಿಮೆ. ದಿನ ಕಳೆದಂತೆ ಅದು ಒಣಗಿ ಬಿರುಸಾಗುತ್ತದೆ. ಬಿರುಸಾದ ಮೇಣ ಆಸಿಡ್ಡಿಗೆ ಬಿದ್ದರೆ ಚಕ್ಕೆಯೇಳುತ್ತದೆ, ಚಕ್ಕೆಯೆದ್ದಲ್ಲೆಲ್ಲ ಆಸಿಡ್ ನುಗ್ಗಿ ಚಿತ್ರ ಹುಣ್ಣು ಹುಣ್ಣಾಗುತ್ತದೆ. ಹಾಗೆಂದು ಈಗಲೇ ಹಾಕಿಬಿಡೋಣವೆಂದರೆ, ಸಾಕು ಎನ್ನಲು ಮೇಷ್ಟ್ರಿಲ್ಲ. ಅತ್ತೆ ಅಡಕತ್ತರಿಯಲ್ಲಿ ಸಿಕ್ಕಿಬಿದ್ದಳು.

ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಅತ್ತೆ ದಿನವೂ ಹೋಗಿ ಹಳೆಯ ತಗಡುಗಳಿಂದ ಅಚ್ಚು ತೆಗೆದುಕೊಡುವಳು. ಹೋದ ಕೂಡಲೇ ಒಂದು ಸಲ, ಹೊರಡುವಾಗ ಒಂದು ಸಲ ಆ ತಗಡಿನ ಮೇಲಿನ ತೆಳು ಕಾಗದ ಎತ್ತಿ ನೋಡುವಳು. ಸಂಜೆ ಬಾಗಿಲಲ್ಲೇ ವರದಿ. "ಇವತ್ತೂ ಬಿರುಕಿಲ್ಲ." ಊಟದ ತಟ್ಟೆಯ ಮುಂದೆ ಕೂತು ಬೆರಳಲ್ಲಿ ಗೆರೆ ಎಳೆಯುವಳು, ಇದು ಮೊದಲು ಮುಚ್ಚಬೇಕಾ, ಅದು ಮೊದಲು ಮುಚ್ಚಬೇಕಾ ಎಂದು.

"ಅವರು ಹುಷಾರಾಗೋತನಕ ಕಾಯಿ" ಎಂದೆ ಒಂದು ದಿನ.

"ಮೇಣ ಕಾಯಬೇಕಲ್ಲ."

"ಹಾಗಾದ್ರೆ ಹಾಕೇಬಿಡು."

"ಹಾಳಾದ್ರೆ? ಅವರ ಕೈಯಿಂದ ಬಂದ ಕೊನೇದು ಅದು. ಮಾತಾಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಇದೂ ಹಾಗೇ."

"ಹೆದರಿ ಹೆದರಿ ಸಾಯಿ ಹಾಗಾದ್ರೆ!" ಎಂದು ರೇಗಿ ಎದ್ದು ಹೋದೆ. ನನಗೂ ಹೆದರಿಕೆಯಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಹೆದರಿಕೆ ನಮ್ಮ ಮನೆತನದ ಆಸ್ತಿ. ಅತ್ತೆಯಲ್ಲಿ ಅದು ಮಾತಾಗಿ ಹೊರಗೆ ಬರುತ್ತದೆ, ನನ್ನಲ್ಲಿ ಸಿಡುಕಾಗಿ.

ಐದನೇ ತಿಂಗಳ ಮೊದಲ ವಾರ ಅತ್ತೆ ಬಾಗಿಲಲ್ಲಿ ವರದಿ ಹೇಳಲಿಲ್ಲ. ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತಳು. ಕೆಳಗಿನ ಮೂಲೆಯಲ್ಲಿ ಮೇಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮಾರನೆಯ ದಿನ ಅವಳು ಮೇಷ್ಟ್ರಮ್ಮನಿಗೆ ಹೇಳಿದಳು. ಅಲ್ಲಿಯವರೆಗೆ ಕಾಯೋಣ ಕಾಯೋಣ ಎನ್ನುತ್ತಿದ್ದ ಮೇಷ್ಟ್ರಮ್ಮ, "ನಾಳೆ ಹಾಕಿ. ಇವರನ್ನೂ ಕೆಳಗೆ ಕರ್ಕೊಂಡು ಬರ್ತೀನಿ" ಎಂದರು.

ನಾನು ರಜೆ ಹಾಕಿದೆ. ಬೇಡ ಬೇಡ ಎನ್ನುತ್ತಲೇ ಅತ್ತೆ ನನ್ನ ಕೈ ಬಿಡಲಿಲ್ಲ.

ಬೆಳಿಗ್ಗೆ ಹತ್ತು ಗಂಟೆ. ಕಿಟಕಿಗಳೆಲ್ಲ ತೆರೆದಿದ್ದವು, ಗೋಡೆಯ ಫ್ಯಾನು ಗರಗರ ತಿರುಗುತ್ತಿತ್ತು. ಮೇಜಿನ ಮೇಲೆ ಎರಡು ಬಿಳಿ ಟ್ರೇ, ಒಂದರಲ್ಲಿ ನೀರು, ಇನ್ನೊಂದು ಆಸಿಡ್ಡಿಗೆ. "ನೀರಿಗೆ ಆಸಿಡ್ಡು, ಆಸಿಡ್ಡಿಗೆ ನೀರಲ್ಲ" ಎಂದು ಅತ್ತೆ ಜಪ ಮಾಡುತ್ತಾ ಬೆರೆಸಿದಳು. ಮೂವತ್ತೊಂದು ವರ್ಷದಿಂದ ಬೆರೆಸುವಾಗಲೆಲ್ಲ ಹೀಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಾಳೆ. ಒಂದು ಚೂರು ತಾಮ್ರ ಎಸೆದು ಆಸಿಡ್ಡಿಗೆ ಹಸಿವಿದೆಯೇ ಎಂದು ನೋಡಿದಳು. ಚೂರಿನ ಮೇಲೆ ಸಣ್ಣ ಗುಳ್ಳೆಗಳು ಎದ್ದವು. ಇತ್ತು, ಚೆನ್ನಾಗೇ ಇತ್ತು.

ಮೇಷ್ಟ್ರು ಒಂದು ಕೈ ಕೋಲಿಗೆ, ಒಂದು ಹೆಗಲು ಹೆಂಡತಿಗೆ ಕೊಟ್ಟು ಹದಿನೈದು ಮೆಟ್ಟಿಲು ಇಳಿದು ಬಂದರು. ಸ್ಟೂಲು ಇರುತ್ತಿದ್ದ ಜಾಗದಲ್ಲೇ ಅತ್ತೆ ಬೆನ್ನಿರುವ ಕುರ್ಚಿ ಹಾಕಿದ್ದಳು. ಕೂತರು. ಮೇಷ್ಟ್ರಮ್ಮ ಅವರ ಎಡಗೈಗೆ ಕರ್ಚೀಪು ಕೊಟ್ಟರು. ಅದನ್ನು ಅವರು ತಾವಾಗಿಯೇ ಮೂಗಿಗೆ ಹಿಡಿದುಕೊಂಡಾಗ ನಮ್ಮ ಮೂವರಿಗೂ ಒಂದು ಆಸೆ ಹುಟ್ಟಿತು.

ಅತ್ತೆ ತಗಡು ತಂದು ಅವರ ಮುಂದೆ ಹಿಡಿದಳು. "ಮೇಷ್ಟ್ರೇ, ಮೊದಲು ಆಕಾಶ ಮುಚ್ಚೋದಾ?"

ತಲೆಯಾಡಿಸಿದರು.

"ಅಥವಾ ಮೊದಲು ಬಟ್ಟೆಗಳನ್ನ ಮುಚ್ಚೋದಾ?"

ತಲೆಯಾಡಿಸಿದರು.

"ಸರಿ ಬಿಡಿ" ಎಂದಳು ಅತ್ತೆ, ಸಣ್ಣ ದನಿಯಲ್ಲಿ. ಆಕಾಶವೇ ತೆಳುವಾಗಿರಬೇಕೆಂದು ಅವಳಿಗೆ ಗೊತ್ತಿತ್ತು. ಇರುವೆ ನಡೆದಷ್ಟು ಹಗುರವಾದ ಗೆರೆಗಳು ಅವು. ಮೊದಲ ಸಲ ಸ್ವಲ್ಪ ಹೊತ್ತು ಮಾತ್ರ, ಆಮೇಲೆ ಆಕಾಶ ಮುಚ್ಚುವುದು, ಎರಡನೇ ಸಲದ ಮೇಲೆ ಬಟ್ಟೆಯ ಮಡಿಕೆಗಳನ್ನು ಮುಚ್ಚುವುದು, ಕೊನೆಗೆ ಕೂದಲು ಮತ್ತು ಗೋಡೆ ಕಡುಕಪ್ಪಾಗುವವರೆಗೆ ಬಿಡುವುದು. ಇದಿಷ್ಟನ್ನೂ ನನ್ನ ಊಟದ ತಟ್ಟೆಯ ಮುಂದೆ ನೂರು ಸಲ ಬರೆದಿದ್ದಳು. ಮೂಲೆಯ ಬಿರುಕಿಗೆ ವಾರ್ನಿಷ್ ತೇಪೆ ಹಾಕಿ, ರಬ್ಬರ್ ಕೈಗವಸು ತೊಟ್ಟು, ತಗಡನ್ನು ಆಸಿಡ್ಡಿಗೆ ಇಳಿಸಿದಳು.

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗೆರೆಗಳ ಮೇಲೆಲ್ಲ ಗುಳ್ಳೆಗಳು ಮುತ್ತು ಪೋಣಿಸಿದಂತೆ ಎದ್ದು ನಿಂತವು. ಗುಳ್ಳೆಗಳಲ್ಲೇ ಮೇಷ್ಟ್ರಮ್ಮ ಕಂಡರು, ತಂತಿ ಕಂಡಿತು. ಅತ್ತೆಯ ಗರಿ ಆಡತೊಡಗಿತು. ನನಗೆ ಸುಮ್ಮನಿರಲಾಗದೆ ಮನಸ್ಸಿನಲ್ಲೇ ಒಂದು, ಎರಡು ಎಂದು ಎಣಿಸತೊಡಗಿದೆ. ಅತ್ತೆಯ ಮುಖ ನೋಡಲು ಧೈರ್ಯವಿಲ್ಲದೆ ಗರಿಯನ್ನೇ ನೋಡುತ್ತಿದ್ದೆ.

ಇನ್ನೂರರ ಹತ್ತಿರ ಎಣಿಸಿದಾಗ ಗರಿ ನಿಂತಿತು. ಏನೋ ನೋಡುತ್ತಿದ್ದಾಳೆ ಅಂದುಕೊಂಡೆ. ಇನ್ನೂರಿಪ್ಪತ್ತು. ಇನ್ನೂರೈವತ್ತು. ಕಂದು ಹೊಗೆ ಸುರುಳಿಯಾಗಿ ಫ್ಯಾನಿನ ಕಡೆ ಹೋಗುತ್ತಿತ್ತು. ಗರಿ ಹಾಗೇ ಗಾಳಿಯಲ್ಲಿ ನಿಂತಿದೆ, ಅತ್ತೆ ಹಾಗೇ ನಿಂತಿದ್ದಾಳೆ, ಕತ್ತು ಸ್ವಲ್ಪ ಮೇಷ್ಟ್ರ ಕಡೆ ವಾಲಿದೆ. ಮುನ್ನೂರು.

"ಯಾಕ್ರೀ ನಿಂತ್ಬಿಟ್ರಿ?" ಎಂದರು ಮೇಷ್ಟ್ರಮ್ಮ. "ತೆಗೀರಿ ಅದನ್ನ!"

"ಅವರಿನ್ನೂ ಕೆಮ್ಮಿಲ್ಲವಲ್ಲಮ್ಮಾ" ಎಂದಳು ಅತ್ತೆ.

"ಅಯ್ಯೋ, ನಿಮ್ಮ ಗರಿ ನಿಂತ್ರೆ ತಾನೇ ಅವರು ಕೆಮ್ಮೋದು! ನಿಂತು ಆಗ್ಲೇ ಎಷ್ಟೊತ್ತಾಯ್ತು!"

ಅತ್ತೆ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಮರುಕ್ಷಣ ಗರಿ ಬಿಸಾಡಿ, ತಗಡನ್ನು ಬಾಚಿ ನೀರಿನ ಟ್ರೇಗೆ ಹಾಕಿದಳು. ಅರ್ಧ ನೀರು ನನ್ನ ಕಾಲ ಮೇಲೆ ಚೆಲ್ಲಿತು.

ತೊಳೆದ ತಗಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಉಗುರಿನಿಂದ ಆಕಾಶದ ಗೆರೆಯನ್ನು ಮುಟ್ಟಿ ನೋಡಿದಳು. "ತಿಂದುಬಿಟ್ಟಿದೆ" ಎಂದಳು. "ಉಗುರು ಸಿಕ್ಕಿಕೊಳ್ತಿದೆ. ಆಕಾಶಕ್ಕೆ ಸಿಕ್ಕಿಕೊಳ್ಳಬಾರದು."

ಮೇಷ್ಟ್ರಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದರು. "ಹೊಗೆಗೆ ಇವರ ಕಣ್ಣಲ್ಲಿ ನೀರು ಬರುತ್ತೆ, ಗುಳ್ಳೆ ಗಿಳ್ಳೆ ಏನೂ ಕಾಣ್ತಿರ್ಲಿಲ್ಲ ಇವರಿಗೆ. 'ಅವರಿಗೇ ಗೊತ್ತಾಗುತ್ತೆ ಕಣೇ, ಆದ್ರೆ ಎತ್ತೋಕೆ ಹೆದರ್ತಾರೆ. ಗರಿ ನಿಂತ ತಕ್ಷಣ ನಾನೊಂದು ಕೆಮ್ಮು ಕೆಮ್ಮಿಬಿಡ್ತೀನಿ' ಅಂತ ನಗ್ತಿದ್ರು. ನಿಮಗೆ ಗೊತ್ತಿದೆ ಅಂತಲೇ ನಾನು ಅಂದ್ಕೊಂಡಿದ್ದೆ."

ಅತ್ತೆ ಜೋರಾಗಿ ಮಾತಾಡಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅವತ್ತು ಕೇಳಿದೆ. ಕೈಗವಸಿನ ಕೈಯಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಮೂವತ್ತು ವರ್ಷ ಮೇಷ್ಟ್ರೇ! ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ? ನಾನು ನಿಮ್ಮ ಕೆಮ್ಮು ಕಾಯ್ತಿದ್ದೆ, ನೀವು ನನ್ನ ಗರಿ ಕಾಯ್ತಿದ್ರಾ? ನಿಮ್ಮ ಕಣ್ಣು ಅಂತ ಊರೆಲ್ಲಾ ಹೇಳ್ಕೊಂಡು ಬಂದೆನಲ್ಲ ನಾನು, ಮುಠ್ಠಾಳಿ!"

ಮೇಷ್ಟ್ರು ಅವಳನ್ನೇ ನೋಡುತ್ತಾ ತಲೆಯಾಡಿಸಿದರು. ಎಲ್ಲದಕ್ಕೂ ಆಡಿಸುವ ತಲೆ ಅದು, ಅದರಿಂದ ಏನು ತಿಳಿಯುವುದು?

ನನಗೂ ಸಿಟ್ಟು ಬಂದಿತ್ತು, ಅವಳಿಗಿಂತ ಹೆಚ್ಚೇ. ಅವಳ ಕಣ್ಣನ್ನು ಅವಳಿಗೇ ಹೇಳದೆ ಬಳಸಿಕೊಂಡರಲ್ಲ ಎಂದು. ತಪ್ಪಾದರೆ ನಂದು ಎಂದು ಹೊತ್ತುಕೊಂಡವರೂ ಅವರೇ ಎಂಬುದು ನನಗೆ ಹೊಳೆದದ್ದು ಆಮೇಲೆ. ಎರಡೂ ನಿಜ, ಈಗಲೂ ನನಗೆ ಅವೆರಡನ್ನು ಬಿಡಿಸಿ ನೋಡಲು ಬರುವುದಿಲ್ಲ.

ಅತ್ತೆ ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತಳು. ಆಮೇಲೆ ಬಂದು, ಸಣ್ಣ ಕುಂಚ ತೆಗೆದು, ಆಕಾಶದ ಗೆರೆಗಳನ್ನೆಲ್ಲ ವಾರ್ನಿಷ್‌ನಿಂದ ಮುಚ್ಚಿದಳು. ಅದು ಒಣಗುವವರೆಗೆ ಕಾದೆವು. ಎರಡನೇ ಸಲ ತಗಡು ಇಳಿಯಿತು. ಗರಿ ಆಡಿತು. ಈ ಸಲ ನಾವು ಮೂವರೂ ಗರಿಯನ್ನೇ ನೋಡುತ್ತಿದ್ದೆವು. ಮೇಷ್ಟ್ರೂ ಅದನ್ನೇ ನೋಡುತ್ತಿದ್ದರು. ಗರಿ ನಿಂತಿತು. ಅತ್ತೆಯ ಕೈ ಎತ್ತಲಾರದು, ಬಿಡಲಾರದು. ಆಗ ಅತ್ತೆ ಕೆಮ್ಮಿದಳು. ಹೊಗೆಗೆ ಬಂದ ಕೆಮ್ಮಲ್ಲ ಅದು. ಒಂದೇ ಒಂದು ಒಣ ಕೆಮ್ಮು, ಥೇಟು ಮೇಷ್ಟ್ರದ್ದೇ. ಕೆಮ್ಮಿದ ಕೂಡಲೇ ಅವಳ ಕೈ ತಾನಾಗಿಯೇ ತಗಡು ಎತ್ತಿತು. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಬಟ್ಟೆಯ ಮಡಿಕೆಗಳನ್ನು ಮುಚ್ಚಿ ಮೂರನೇ ಸಲ ಇಳಿಸಿದಾಗ ಹೆದರಿದ್ದೇ ಆಯಿತು. ಕೂದಲು ಇನ್ನೂ ಸಾಕಷ್ಟು ಕಪ್ಪಾಗುವ ಮೊದಲೇ ಕೆಳಗಿನ ಮೂಲೆಯ ತೇಪೆಯ ಪಕ್ಕದಲ್ಲಿ, ಮೇಷ್ಟ್ರಮ್ಮನ ಪಾದದ ಹತ್ತಿರ, ಮೇಣದ ಸಣ್ಣ ಚಕ್ಕೆ ಎದ್ದು ತೇಲಿತು. ಅಲ್ಲಿ ಗೆರೆಯೇ ಇಲ್ಲದ ಕಡೆ ಗುಳ್ಳೆಗಳು ಶುರುವಾದವು. ಈಗ ಎತ್ತಿದರೆ ಕೂದಲು ಕಪ್ಪಾಗದೆ ಬೂದು ಬಣ್ಣದಲ್ಲೇ ಉಳಿಯುತ್ತದೆ. ಬಿಟ್ಟರೆ ಚಕ್ಕೆ ಬೆಳೆದು ಇಡೀ ಮೂಲೆ ಹೋಗುತ್ತದೆ. ಅತ್ತೆಯ ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು, ಒರೆಸಲು ಕೈಯಿಲ್ಲ. ನಾನು ನನ್ನ ತೋಳಿನಿಂದ ಒರೆಸಿದೆ. ಇನ್ನೊಂದು ಚಕ್ಕೆ ಎದ್ದಿತು. ಗರಿ ಆಡುತ್ತಲೇ ಇತ್ತು, ಆಡುತ್ತಲೇ ಇತ್ತು, ನಿಂತಿತು. ಅತ್ತೆ ಕೆಮ್ಮಿದಳು. ತಗಡು ನೀರಿಗೆ ಬಿತ್ತು.

ಸೀಮೆಎಣ್ಣೆ ಹಾಕಿ ಮೇಣವನ್ನೆಲ್ಲ ಒರೆಸಿದಾಗ ತಾಮ್ರ ಬತ್ತಲೆಯಾಯಿತು. ಅತ್ತೆ ಶಾಯಿಯನ್ನು ಗೆರೆಗಳೊಳಗೆ ಇಳಿಯುವಂತೆ ತಿಕ್ಕಿ ತುಂಬಿದಳು. ಗಂಜಿ ಹಾಕಿದ ಜಾಳು ಬಟ್ಟೆಯಿಂದ ಮೇಲಿನದನ್ನೆಲ್ಲ ಒರೆಸಿ, ಕೊನೆಗೆ ಅಂಗೈಯಿಂದ ನಯವಾಗಿ ಸವರಿದಳು. ಗೆರೆಗಳಲ್ಲಿ ಮಾತ್ರ ಶಾಯಿ ಉಳಿಯಿತು. ಬೆಳಿಗ್ಗೆಯಿಂದ ಒದ್ದೆಯಾಗಿಟ್ಟ ದಪ್ಪ ಕಾಗದವನ್ನು ತಗಡಿನ ಮೇಲೆ ಹಾಸಿ, ಉಣ್ಣೆಯ ಕಂಬಳಿ ಮುಚ್ಚಿ, "ತಿರುಗಿಸು, ನಿಲ್ಲಿಸಬೇಡ" ಎಂದಳು. ಪ್ರೆಸ್ಸಿನ ದೊಡ್ಡ ಚಕ್ರ ತಿರುಗಿಸಿದವಳು ನಾನು. ಆ ಉಕ್ಕಿನ ಉರುಳೆಗಳ ನಡುವೆ ತಗಡು ಹಾದು ಆಚೆ ಬಂತು.

ಅತ್ತೆ ಕಾಗದದ ಎರಡು ಮೂಲೆ ಹಿಡಿದು ನಿಧಾನವಾಗಿ ಎತ್ತಿದಳು.

ಕೂದಲು ಕಪ್ಪಗೆ, ಒಳ್ಳೆ ಕಪ್ಪಗೆ ಬಂದಿತ್ತು. ಹೊದಿಕೆಗಳ ಮಡಿಕೆ ಈಗ ತಾನೇ ಹಿಂಡಿ ಹಾಕಿದಂತಿತ್ತು. ಕ್ಲಿಪ್ ಕಚ್ಚಿದ ಬಾಯಿ ಮೇಷ್ಟ್ರಮ್ಮನದೇ. ಪಾದದ ಬಳಿ ಎಂಟು ಹತ್ತು ಚುಕ್ಕೆ ಬಿದ್ದಿದ್ದವು, ಮಣ್ಣು ಎಂದರೆ ಮಣ್ಣು. ಆದರೆ ಆಕಾಶ ಕೆಟ್ಟಿತ್ತು. ಬಟ್ಟೆ ಒಣಗುವ ಆಕಾಶವಲ್ಲ ಅದು. ಇನ್ನೇನು ಗುಡುಗಿ ಸುರಿಯುವ ಹಾಗೆ ಕವಿದುಕೊಂಡಿತ್ತು.

"ಅವತ್ತು ಬಿಸಿಲಿತ್ತು" ಎಂದರು ಮೇಷ್ಟ್ರಮ್ಮ ಮೆಲ್ಲಗೆ. ಆಮೇಲೆ ಅತ್ತೆಯ ಮುಖ ನೋಡಿ, "ಪರವಾಗಿಲ್ಲ ಬಿಡಿ. ಚೆನ್ನಾಗೇ ಇದೆ" ಎಂದರು. ಆ ಪರವಾಗಿಲ್ಲ ಎಂಬ ಮಾತು ಅತ್ತೆಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ಆದರೂ ಅಭ್ಯಾಸ ಬಿಡುತ್ತದೆಯೇ? ಮೂವತ್ತೊಂದು ವರ್ಷ ಮೊದಲ ಅಚ್ಚನ್ನು ಒಯ್ದು ತೋರಿಸಿದ ಹಾಗೆಯೇ ಆ ಒದ್ದೆ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಮೇಷ್ಟ್ರ ಮುಂದೆ ನಿಂತಳು. "ಮೇಷ್ಟ್ರೇ, ಸರಿ ಬಂತಾ?" ಎಂದು ಕೇಳಿದಳು.

ಬರುವ ಉತ್ತರ ನಮಗೆಲ್ಲ ಗೊತ್ತಿತ್ತು. ನಾನು ಆಗಲೇ ಚೆಲ್ಲಿದ ನೀರು ಒರೆಸಲು ಬಗ್ಗಿದ್ದೆ.

ಮೇಷ್ಟ್ರು ನೋಡಿದರು. ಬಹಳ ಹೊತ್ತು ನೋಡಿದರು. ಕರ್ಚೀಪು ತೊಡೆಯ ಮೇಲೆ ಬಿತ್ತು. ಎಡಗೈ ನಿಧಾನವಾಗಿ ಮೇಲೆದ್ದು, ತೋರುಬೆರಳು ಆಕಾಶದ ಮುಂದೆ, ಹಸಿ ಶಾಯಿಗೆ ತಾಗದಷ್ಟು ದೂರದಲ್ಲಿ ನಿಂತಿತು. ಅವರ ತಲೆ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ.

ಇಲ್ಲ.

ನಾಲ್ಕು ತಿಂಗಳಲ್ಲಿ ಅವರು ಹೇಳಿದ ಮೊದಲ ಇಲ್ಲ.

ಅತ್ತೆ ಕಾಗದವನ್ನು ಇನ್ನಷ್ಟು ಹತ್ತಿರ ಹಿಡಿದಳು. "ಬಟ್ಟೆಗಳು?" ಎಂದು ಕೇಳಿದಳು. ಬೆರಳು ಅಲ್ಲಿಗೆ ಬಂತು, ತಲೆ ಹೌದೆಂದು ಆಡಿತು. "ಕೂದಲು?" ಹೌದು. "ಆಕಾಶ?" ಮತ್ತೆ ಎಡಕ್ಕೆ, ಬಲಕ್ಕೆ, ಈ ಸಲ ಸ್ವಲ್ಪ ಸಿಡುಕಿನಿಂದಲೇ, ಒಂದೇ ಮಾತನ್ನು ಎಷ್ಟು ಸಲ ಕೇಳುತ್ತೀರಿ ಎನ್ನುವ ಹಾಗೆ.

ಮೇಷ್ಟ್ರಮ್ಮ ಮೆಟ್ಟಿಲಿನಿಂದ ಎದ್ದವರು ಗಂಡನ ಕಾಲ ಬಳಿ ನೆಲದ ಮೇಲೇ ಕೂತುಬಿಟ್ಟರು.

"ರೀ... ನಾನು ನಿಮ್ಮ ತಾಯಿನಾ?"

ಮೇಷ್ಟ್ರು ಹೆಂಡತಿಯನ್ನು ನೋಡಿದರು. ತಲೆ ಎಡಕ್ಕೆ, ಬಲಕ್ಕೆ ಆಡಿತು.

ಆಕೆ ಅತ್ತರು, ಈ ಸಲ ನಲ್ಲಿ ಬಿಟ್ಟುಕೊಳ್ಳದೆ. ನಾನೂ ಅತ್ತೆ. ನನ್ನ ಅತ್ತೆ ಮಾತ್ರ ಅಳಲಿಲ್ಲ. ಅಚ್ಚನ್ನು ಒಣಗಲು ತಂತಿಗೆ ಸಿಕ್ಕಿಸಿ, ಗೂಡಿನಿಂದ ಮೊಂಡು ತುದಿಯ ಉಕ್ಕಿನ ಕಡ್ಡಿ ತೆಗೆದು, ತಗಡಿನ ಆಕಾಶದ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಉಜ್ಜಲು ಕೂತಳು.

"ಹೆಚ್ಚು ತಿಂದಿದೆ, ನಂಗೂ ಗೊತ್ತು" ಎಂದಳು, ತಲೆಯೆತ್ತದೆ. "ಮೂರು ವಾರ ಬೇಕು ಮೇಷ್ಟ್ರೇ. ಸುಮ್ನೆ ಕೂತು ನೋಡ್ತಿರಿ. ಸಾಕಾದಾಗ ಈ ಸಲ ನಾನೇ ಹೇಳ್ತೀನಿ."

ಸಂಜೆ ಅಚ್ಚುಮನೆಗೆ ಬೀಗ ಹಾಕಿಕೊಂಡು ಹೊರಟೆವು. ತಿರುವಿನವರೆಗೆ ಬಂದ ಮೇಲೆ ಅತ್ತೆ ಎಂದಿನಂತೆ ನಿಂತಳು, ವಾಪಸು ಹೋದಳು, ಬೀಗ ಜಗ್ಗಿದಳು. ಅವಳನ್ನು ಬೈಯುತ್ತಾ ನಾನೂ ಹಿಂದೆ ಹೋಗಿದ್ದೆ. ಮೇಲಿನ ಕಿಟಕಿ ತೆರೆದಿತ್ತು. ಮೇಷ್ಟ್ರಮ್ಮನ ದನಿ ಬೀದಿಗೇ ಕೇಳುತ್ತಿತ್ತು.

"ಟೀ ಕುಡೀತೀರಾ?"

ಸ್ವಲ್ಪ ಹೊತ್ತು ಸದ್ದಿಲ್ಲ.

"ಬೇಡ್ವಾ? ಬೇಡ್ವೇ ಬೇಡ್ವಾ? ಸರಿ ಬಿಡಿ, ಬೇಡ ಅಂದ್ರೆ ಬೇಡ!"

ಅಷ್ಟು ಖುಷಿಯಿಂದ ಯಾರೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅತ್ತೆ ಬೀಗವನ್ನು ಇನ್ನೊಂದು ಸಲ ಜಗ್ಗಿ, "ನಡಿಯೇ, ಕತ್ತಲಾಗುತ್ತೆ" ಎಂದಳು.